ಟಾಟಾ ಹಾಡಿನ ಮೇಲೆ ಗುಳ್ಳೆ

ಜೂನ್ 3

ಅಕ್ಕಾ, ನನಗೆ ಕೆಲಸ ಸಿಕ್ಕಿತು, ನಿಜವಾದ ಕೆಲಸ, ತಿಂಗಳಾದರೆ ಸಂಬಳ ಕೊಡುವ ಕೆಲಸ!

ಕೂತಿದ್ದರೆ ಎದ್ದು ನಿಲ್ಲು, ನಿಂತಿದ್ದರೆ ಕೂರು. ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ, ಉಡುಗೊರೆ ಡಬ್ಬಗಳನ್ನು ಬಿಚ್ಚಿ ಮುಗಿದಿಲ್ಲ, ಆಗಲೇ ನಿನ್ನ ತಂಗಿ ಟೀಚರ್! ಪೂರ್ತಿ ಟೀಚರ್ ಅಲ್ಲ, ಸಹಾಯಕ ಟೀಚರ್. ಆದರೆ ನಮ್ಮ ವಿದ್ಯಾರ್ಥಿಗಳಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅವರಲ್ಲಿ ಅರ್ಧ ಜನಕ್ಕೆ ಇನ್ನೂ ಹಲ್ಲೇ ಬಂದಿಲ್ಲ.

ಇದು ಶಾಲೆಯಲ್ಲ, ಆಟದ ಕ್ಲಾಸು. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳನ್ನು ತಾಯಂದಿರು ವಾರಕ್ಕೊಮ್ಮೆ ಕರೆದುಕೊಂಡು ಬರುತ್ತಾರೆ. ಮೆತ್ತನೆಯ ಚಾಪೆ ಹಾಸಿದ ದೊಡ್ಡ ಕೋಣೆ. ಒಂದು ಗಂಟೆ ಹಾಡು, ಡೋಲು, ಚೆಂಡು, ಬಣ್ಣದ ಬಟ್ಟೆ, ಸೋಪಿನ ಗುಳ್ಳೆ. ಇದಕ್ಕೆ ಅವರು ಕೊಡುವ ಫೀಸು ಕೇಳಿದರೆ ನೀನು ಈ ಪತ್ರವನ್ನು ಅಲ್ಲೇ ಹರಿದು ಹಾಕುತ್ತೀಯ. ಅದಕ್ಕೇ ಹೇಳುವುದಿಲ್ಲ.

ನಮ್ಮವರಿಗೆ ಹೇಳೋಣ ಅಂತ ಅಂಗಡಿಗೇ ಓಡಿದೆ. ಯಾರದೋ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಗುಳ್ಳೆ ಊದೋಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನಾನು ಕನ್ನಡಕದ ಮೇಲೆ ಉಸಿರು ಬಿಟ್ಟು ಒರೆಸ್ತೀನಲ್ಲ, ಅದಕ್ಕೂ ಬೇರೆ ಬಿಲ್ ಹಾಕ್ಬೇಕು” ಅಂದರು. ಅಕ್ಕಾ, ಎಂಥ ಗಂಡ ನನಗೆ! ಇಡೀ ಊರಿನಲ್ಲಿ ಹುಡುಕಿದರೂ ಸಿಗುವುದಿಲ್ಲ! (ಈ ಸಾಲು ದಾಟಿಕೊಂಡು ಹೋಗು. ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ.)

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇಲ್ಲಿ ನಿನ್ನ ಫೋನ್ ಬಂದರೆ ಸ್ಪೀಕರ್ ಒತ್ತಿ ಮೇಜಿನ ನಡುವೆ ಇಡುತ್ತಾರೆ. ಅತ್ತೆ, ಮಾವ, ಮಾವನ ತಂಗಿ ಎಲ್ಲರೂ ಸುತ್ತ ಕೂತು ನಮ್ಮಿಬ್ಬರನ್ನು ವಾರ್ತೆ ಕೇಳಿದ ಹಾಗೆ ಕೇಳುತ್ತಾರೆ. ನಿನ್ನ ಕಡೆ ಫೋನ್ ನಿನ್ನ ಮಗರಾಯ, ನಮ್ಮ ದೊರೆಯ ಬಾಯಲ್ಲಿರುತ್ತದೆ. “ಚೆನ್ನಾಗಿದ್ದೀಯಾ?” “ಚೆನ್ನಾಗಿದ್ದೀನಿ.” “ಊಟ ಆಯ್ತಾ?” “ಆಯ್ತು.” ಮುಗಿಯಿತು. ಮನಸ್ಸಿನ ಮಾತೆಲ್ಲ ಪತ್ರದಲ್ಲಿ ಎಂದು ನಾನು ಹೊರಡುವ ದಿನ ಒಪ್ಪಿದ್ದೇವೆ, ಮರೆಯಬೇಡ.

ದೊರೆಯವರ ಸವಾರಿ ಹೇಗಿದೆ? ಒಂದೂ ಮುಕ್ಕಾಲು ವರ್ಷಕ್ಕೇ ಅಪ್ಪನ ಚಪ್ಪಲಿ ಏರಿ ಮನೆಯೆಲ್ಲ ಗಸ್ತು ತಿರುಗುತ್ತಾನಂತೆ, ಭಾವ ಹೇಳಿದರು. ಅವನಿಗೆ ಚಿಕ್ಕಮ್ಮನ ಮುತ್ತು. ಎರಡೂ ಕೆನ್ನೆಗೆ, ಮೋಸ ಮಾಡದೆ ಕೊಡು.

ನಿನ್ನ ತಂಗಿ (ಟೀಚರ್!)

*

ಜೂನ್ 12

ಬಜಂತ್ರಿಗೆ,

ಪತ್ರ ಬಂತು. ನೀನು ಹಾಕಿದ ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ಕಿತ್ತು ಸಾಲಾಗಿ ನೆಟ್ಟರೆ ಒಂದು ತೋಟಕ್ಕೆ ಬೇಲಿಯಾಗುತ್ತದೆ.

ಕೆಲಸ ಸಿಕ್ಕಿದ್ದು ಸಂತೋಷ. ಆದರೆ ಕೂಸುಗಳಿಗೆ ಆಟವಾಡುವುದನ್ನು ಕಲಿಸುವುದೇ? ಅದಕ್ಕೊಬ್ಬ ಟೀಚರ್, ಅವಳಿಗೊಬ್ಬ ಸಹಾಯಕಿ? ಇನ್ನು ಆಕಳಿಸುವುದಕ್ಕೂ ಒಂದು ಕ್ಲಾಸು ತೆಗೆಯಲಿ, ನಾನೇ ಮೊದಲು ಸೇರುತ್ತೇನೆ. ಇಲ್ಲಿ ದೊರೆಗೆ ಅಡುಗೆಮನೆಯ ಕೆಳಗಿನ ಕಪಾಟು ತೆರೆದಿಟ್ಟರೆ ಸಾಕು, ಪಾತ್ರೆಗಳ ನಡುವೆ ಆಸ್ಥಾನ ಶುರು. ಫೀಸಿಲ್ಲ, ಚಾಪೆಯೂ ಬೇಡ.

ನಾವು ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಈಗ ಎರಡು ಪಾಳಿ. ಬೆಳಕು ಹರಿಯುವ ಮುಂಚೆ ಹೋಗುತ್ತಾರೆ. ಬಂದಾಗ ಕಿವಿಯ ತುದಿ ಇನ್ನೂ ತಣ್ಣಗಿರುತ್ತದೆ. ತಟ್ಟೆಯ ಮುಂದೆಯೇ ಕಣ್ಣು ಮುಚ್ಚಿಕೊಂಡು ಹೋಗುತ್ತದೆ, ಪಾಪ. ಈ ಊರಿಗೆ ಬಂದು ಒಂದು ವರ್ಷವಾಯಿತು. ನಾಲ್ಕನೇ ಮಹಡಿ, ಗಾಳಿ ಚೆನ್ನಾಗಿದೆ. ಎದುರು ಕಟ್ಟಡದಲ್ಲಿ ಯಾರ ಮನೆಯ ಬಟ್ಟೆ ಯಾವಾಗ ಒಣಗುತ್ತದೆ ಎಂದು ನನಗೆ ಬಾಯಿಪಾಠ. ಅವರು ಯಾರೆಂದು ಮಾತ್ರ ಗೊತ್ತಿಲ್ಲ.

ದೊರೆ ಇನ್ನೂ ಮಾತು ಶುರು ಮಾಡಿಲ್ಲ. ಅಪ್ಪನ ಹಾಗೆ ಮಿತಭಾಷಿ. ಕಿವಿ ಸರಿಯಾಗಿದೆ, ಕೆಲವು ಮಕ್ಕಳು ತಡ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ಅಮ್ಮನ ಕಿವಿಗೆ ಹಾಕಬೇಡ, ನಿದ್ದೆ ಬಿಡುತ್ತಾಳೆ.

ನಿನ್ನ ಪತ್ರವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೊದಲಿನಿಂದ ಕೊನೆಯವರೆಗೂ ನನ್ನ ಬಾಯನ್ನೇ ನೋಡುತ್ತಿದ್ದ, ಒಳಗೆ ಯಾರೋ ಅಡಗಿ ಕೂತಿದ್ದಾರೆ ಎನ್ನುವ ಹಾಗೆ.

ಮುತ್ತು ಎರಡೂ ಕೆನ್ನೆಗೆ ತಲುಪಿಸಿದ್ದೇನೆ.

ಅಕ್ಕ

*

ಜುಲೈ 2

ಅಕ್ಕಾ,

ದೊರೆ ನನ್ನ ಪತ್ರ ಕೇಳಿಸಿಕೊಂಡನಾ! ಅಲುಗಾಡದೆ ಕೂತನಾ! ಕನ್ನಡ ಪೀರಿಯಡ್ ಅಂದರೆ ಡೆಸ್ಕಿನ ಕೆಳಗೆ ಕಾಮಿಕ್ಸ್ ಓದುತ್ತಿದ್ದ ಇಂಗ್ಲಿಷ್ ಮೀಡಿಯಂ ಹುಡುಗಿಗೆ ಇಷ್ಟು ದೊಡ್ಡ ಅಭಿಮಾನಿ ಸಿಗುತ್ತಾನೆ ಅಂತ ಯಾರಿಗೆ ಗೊತ್ತಿತ್ತು! ನೋಡುತ್ತಿರು, ಅವನ ಮೊದಲ ಮಾತೇ “ಚಿಕ್ಕಮ್ಮ” ಆಗಿರುತ್ತದೆ.

ಪತ್ರ ತಡವಾದದ್ದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ. ಮೊದಲು ನನ್ನ ಮೊದಲ ದಿನದ ಪ್ರತಾಪ ಕೇಳು.

ಕ್ಲಾಸು ನಡೆಸುವ ಮೇಡಂ ಯಾವುದಾದ ಮೇಲೆ ಯಾವುದು ಅಂತ ಕಾರ್ಡುಗಳಲ್ಲಿ ಬರೆದು, ಒಂದು ರಿಂಗಿಗೆ ಪೋಣಿಸಿ ಕೈಗೆ ಕೊಟ್ಟಿದ್ದರು. ನಮಸ್ಕಾರದ ಹಾಡು, ಡೋಲು, ಬಣ್ಣದ ಬಟ್ಟೆ, ಗುಳ್ಳೆ, ಕೊನೆಗೆ ಟಾಟಾ ಹಾಡು. ನನ್ನ ಕೈ ಬೆವರಿತ್ತು, ಎರಡು ಕಾರ್ಡು ಅಂಟಿಕೊಂಡವು. ಗುಳ್ಳೆ ಊದುವುದನ್ನೇ ಬಿಟ್ಟು ದೊಡ್ಡ ಗಂಟಲಿನಲ್ಲಿ ಟಾಟಾ ಹಾಡು ಶುರು ಮಾಡಿಬಿಟ್ಟೆ! ತಾಯಂದಿರು ಕಕ್ಕಾಬಿಕ್ಕಿಯಾಗಿ ಕಾಲುಚೀಲ ಹುಡುಕತೊಡಗಿದರು. ಮಕ್ಕಳಿಗೆ ಮೋಸ ಗೊತ್ತಾಯಿತು. ಒಂದು ಅತ್ತಿತು, ಅದನ್ನು ನೋಡಿ ಇನ್ನೊಂದು, ಆಮೇಲೆ ಇಡೀ ಕೋಣೆ. ಮೇಡಂ ಆ ಮೂಲೆಯಿಂದ ಸೋಪುನೀರಿನ ಬಟ್ಟಲು ಹಿಡಿದು ಓಡಿಬಂದು ಊದಿದರು ನೋಡು! ಅಳುತ್ತಿದ್ದ ಬಾಯಿಗಳೆಲ್ಲ ತೆರೆದಂತೆಯೇ ನಿಂತವು, ಅಳು ಮಾತ್ರ ಹೊರಗೆ ಬರಲಿಲ್ಲ. ಕಣ್ಣೆಲ್ಲ ಸೂರಿನ ಕಡೆ.

ಆಮೇಲೆ ಮೇಡಂ ಒಳಗೆ ಕರೆದರು. ಕೆಲಸ ಹೋಯಿತು ಅಂದುಕೊಂಡೆ. “ಯಾವಾಗ್ಲೂ ಟಾಟಾ ಅಂದ್ರೆ ಅತ್ಕೊಂಡೇ ಮನೆಗೆ ಹೋಗ್ತಿದ್ವು ಕಣಮ್ಮ. ಇವತ್ತು ನಗ್ತಾ ಹೋದ್ವು. ಇನ್ಮೇಲೆ ಹೀಗೇ ಇರ್ಲಿ ಬಿಡು” ಅಂದರು. ಅಂದಿನಿಂದ ನಮ್ಮಲ್ಲಿ ಮೊದಲು ಟಾಟಾ, ಆಮೇಲೆ ಗುಳ್ಳೆ. ಬೀಳ್ಕೊಟ್ಟ ಮೇಲೆ ಮಜಾ ಶುರು ಮಾಡುವ ಕ್ಲಾಸು ಭೂಮಿ ಮೇಲೆ ನಮ್ಮದೊಂದೇ ಅಂತ ಮೇಡಂ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ಈಗ ಕಾರಣ. ಸಂಬಳ ಬರಲಿ ಅಂತ ಕಾಯುತ್ತಿದ್ದೆ. ಬಂತು! ನಿಮ್ಮ ಊರಿನಲ್ಲೂ ಇಂಥದ್ದೊಂದು ಕ್ಲಾಸು ಇದೆ ಅಂತ ಮೇಡಂ ವಿಚಾರಿಸಿ ಹೇಳಿದರು. ನಮಗೂ ಅವರಿಗೂ ಸಂಬಂಧವಿಲ್ಲ, ಆದರೆ ಒಳ್ಳೆಯವರಂತೆ. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಎರಡೇ ಸ್ಟಾಪು, ಚಪ್ಪಲಿ ಅಂಗಡಿಯ ಮೇಲೆ, ಪ್ರತಿ ಗುರುವಾರ. ಮೂರು ತಿಂಗಳ ಫೀಸು ಕಟ್ಟಿಬಿಟ್ಟಿದ್ದೇನೆ, ರಸೀದಿ ಇದರ ಜೊತೆಯಲ್ಲಿದೆ. ಸಂಬಳದಲ್ಲಿ ಉಳಿದದ್ದರಲ್ಲಿ ನಮ್ಮವರಿಗೆ ಒಂದು ಐಸ್‌ಕ್ರೀಂ ಬಂತು, ಅದರಲ್ಲೂ ಅರ್ಧ ನಾನೇ ತಿಂದೆ.

ಬೇಡ ಅನ್ನಬೇಡ. ಕಟ್ಟಿದ ಹಣ ವಾಪಸ್ ಕೊಡುವುದಿಲ್ಲ ಅಂತ ರಸೀದಿಯ ಕೆಳಗೇ ಇದೆ. ಓದಿ ನೋಡಿಯೇ ಕಟ್ಟಿದ್ದು!

ನಿನ್ನ ತಂಗಿ

*

ಜುಲೈ 13

ಕತ್ತೆ,

ಮೊದಲ ಸಂಬಳ ಕಣೇ ಅದು. ನಿನಗೊಂದು ಒಳ್ಳೆಯ ಚಪ್ಪಲಿ ತೆಗೆದುಕೊಳ್ಳಬಾರದಿತ್ತೇ? ಮದುವೆಯಲ್ಲಿ ಹಾಕಿದ್ದು ಕಚ್ಚುತ್ತದೆ ಅಂತ ಗೋಳಾಡುತ್ತಿದ್ದೆ. ಗಂಡನ ಅಂಗಡಿಯಲ್ಲಿ ಕೂತು ಕಣ್ಣು ಪರೀಕ್ಷೆ ಮಾಡಿಸಿಕೋ, ಮುಂದಿನದು ಕಾಣುವುದಿಲ್ಲ ನಿನಗೆ. ರಸೀದಿ ನೋಡಿ ಮೊದಲು ಕಣ್ಣೀರು ಬಂತು, ಆಮೇಲೆ ಬೈಗುಳ ಬಂತು. ಬೈಗುಳವನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ದುಡ್ಡು ದಂಡವಾಗಬಾರದಲ್ಲ, ಹೋದೆವು. ಸ್ವಚ್ಛವಾದ ಕೋಣೆ, ಒಂದು ಗೋಡೆಯ ತುಂಬ ಕನ್ನಡಿ. ಒಳಗೆ ಕಾಲಿಟ್ಟಾಗ ಎದುರಿಗೆ ಒಬ್ಬ ಹೆಂಗಸು ಕಂಡಳು. ಯಾರಪ್ಪಾ ಇವಳು, ಇಷ್ಟು ಸುಸ್ತಾಗಿದ್ದಾಳೆ ಅಂದುಕೊಂಡೆ. ತಲೆಯ ಕ್ಲಿಪ್ಪಿನಿಂದ ಗುರುತು ಸಿಕ್ಕಿತು. ಟೀಚರ್ ಕೈಗೆ ಮೊಲದ ಗೊಂಬೆ ಹಾಕಿಕೊಂಡು ಮಾತಾಡುತ್ತಾಳೆ. ಫೀಸು ಬಾಕಿ ಇದೆ ಅಂತ ಹೇಳುವುದೂ ಮೊಲವೇ.

ಪಕ್ಕದಲ್ಲಿ ಕೂತವಳು ಕೇಳಿದಳು: “ನಿಮ್ಮವ್ನು ಎಷ್ಟು ಪದ ಹೇಳ್ತಾನೆ? ನಮ್ಮವಳದು ನಲವತ್ತು ದಾಟ್ತು.”

“ಎಣಿಸಿಲ್ಲ” ಅಂದೆ.

“ಅಷ್ಟೊಂದಾ!” ಅಂದಳು.

ಎಲ್ಲರೂ ಹಾಡಿದರು. ಚೆನ್ನಾಗಿತ್ತು. ದೊರೆಗೆ ಡೋಲು ಹಿಡಿಸಿತು. ಬೇಗ ಮುಗಿಯಿತು.

ನಿನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ತಂಗಿಯ ಕೈಯಿಂದ ಹೀಗೆಲ್ಲ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ.

ಅಕ್ಕ

*

ಜುಲೈ 21

ಅಕ್ಕಾ ಅಕ್ಕಾ ಅಕ್ಕಾ,

ಹೋದೆಯಲ್ಲ! ನಾನು ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದೆ, ಹಲ್ಲಿಲ್ಲದವರಿಗೂ ಹೇಳಿದೆ. ಕನ್ನಡಿಯ ಮಾತು ಓದಿ ನಮ್ಮವರು ಮತ್ತು ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಿನ್ನಷ್ಟು ತಮಾಷೆಯಾಗಿ ಬರೆಯಲು ನನಗೆ ಯಾವಾಗ ಬರುತ್ತದೋ!

ಹಾಡಿದೆಯಾ? ಅದನ್ನು ಬರೆಯಲೇ ಇಲ್ಲ ನೀನು. ನನಗೆ ಕಣ್ಣಿಗೆ ಕಟ್ಟುತ್ತಿದೆ. ಎಲ್ಲ ತಾಯಂದಿರೂ ಗೊಣಗೊಣ ಅನ್ನುತ್ತಿರುವಾಗ ನೀನು ಬಾಯಿ ತೆರೆಯುತ್ತೀಯ, ಕೋಣೆ ಗಪ್‌ಚಿಪ್. ನನ್ನ ಜಡೆ ಹೆಣೆಯುವಾಗ ಸಾಮಾನಿನ ಚೀಟಿಯನ್ನೂ ರಾಗ ಎಳೆದು ಹಾಡುತ್ತಿದ್ದವಳು! “ಸೋಪು ಎರಡೂ, ಸಕ್ಕರೆ ಅರ್ಧ ಕೇಜೀ...” ಪಕ್ಕದ ಮನೆಯವರು ರೇಡಿಯೋ ಅಂದುಕೊಂಡಿದ್ದರಲ್ಲ. ಆ ಮೊಲದ ಟೀಚರ್‌ಗೆ ಕೆಲಸ ಹೋಗುವ ಭಯ ಹಿಡಿದಿರಬೇಕು. ದೊರೆ ಎಷ್ಟು ಹೆಮ್ಮೆಯಿಂದ ಕೂತಿದ್ದನೋ!

ಪ್ರತಿ ವಾರ ಏನೇನು ಮಾಡಿದಿರಿ ಅಂತ ಒಂದೂ ಬಿಡದೆ ಬರೆಯಬೇಕು. ಮೇಡಂಗೆ ಓದಿ ಹೇಳುತ್ತೇನೆ.

ಇಲ್ಲಿ ಎಲ್ಲರೂ ತುಂಬ ಒಳ್ಳೆಯವರು. ಅತ್ತೆ ಒಂದು ಲೋಟ ತೊಳೆಯಲು ಬಿಡುವುದಿಲ್ಲ. ಮೊನ್ನೆ ಹಾಲಿಟ್ಟು ಮರೆತೆ, ಉಕ್ಕಿ ಒಲೆಯೆಲ್ಲ ಹಾಳಾಯಿತು. ಯಾರೂ ಒಂದು ಮಾತು ಅನ್ನಲಿಲ್ಲ. “ಪರವಾಗಿಲ್ಲಮ್ಮ, ನೀನು ಕೂತ್ಕೋ” ಅಂದರು. ಹೋಗಿ ಕೂತೆ.

ನಿನ್ನ ತಂಗಿ

*

ಆಗಸ್ಟ್ 3

ಬಜಂತ್ರಿಗೆ,

ಕ್ಲಾಸು ಚೆನ್ನಾಗಿ ನಡೆಯುತ್ತಿದೆ. ಈ ವಾರ ಮೊದಲು ನಮಸ್ಕಾರದ ಹಾಡು, ಆಮೇಲೆ ಡೋಲು. ಆಮೇಲೆ ದೊಡ್ಡ ಬಣ್ಣದ ಬಟ್ಟೆಯನ್ನು ಎಲ್ಲರೂ ಸುತ್ತ ಹಿಡಿದು ಎತ್ತಿದೆವು, ಮಕ್ಕಳು ಕೆಳಗೆ ನುಸುಳಿದರು. ಟಾಟಾ ಹಾಡು ಹಾಡಿದ ಮೇಲೆ ಗುಳ್ಳೆ ಊದಿದರು. ದೊರೆ ಹಿಡಿಯಲು ಹೋಗಿ ಬಿದ್ದ, ಅಳಲಿಲ್ಲ. ಟೀಚರ್ ಮೆಚ್ಚಿಕೊಂಡರು. ನಾನೂ ಹಾಡಿದೆ.

ಕೆಳಗಿನ ಚಪ್ಪಲಿ ಅಂಗಡಿಯವರು ದೊರೆಗೆ ಖಾಲಿ ಡಬ್ಬ ಕೊಟ್ಟಿದ್ದಾರೆ. ಈಗ ಅದೇ ಅವನ ರಥ, ಅದೇ ಹಾಸಿಗೆ, ಅದೇ ಟೋಪಿ.

ಹಾಲು ಉಕ್ಕಿಸಿದೆಯಾ? ಒಲೆಯ ಮುಂದೆ ನಿಂತು ಗಂಡನನ್ನು ನೆನೆಸಿಕೊಂಡು ಹಲ್ಲು ಕಿರಿಯುತ್ತಿದ್ದೆ, ನನಗೆ ಗೊತ್ತಿಲ್ಲವೇ. ಹಾಲಿಟ್ಟ ಮೇಲೆ ಕಣ್ಣು ಪಾತ್ರೆಯ ಮೇಲಿರಬೇಕು. ಎಷ್ಟು ಸಲ ಹೇಳಿದ್ದೇನೆ, ಮಂಕೇ.

ಅಕ್ಕ

*

ಆಗಸ್ಟ್ 11

ಅಕ್ಕಾ,

ನಿನ್ನ ಪತ್ರವನ್ನು ಮೇಡಂಗೆ ಓದಿ ಹೇಳಿದೆ. ಗುಳ್ಳೆಯ ಹತ್ತಿರ ಬಂದಾಗ ಅವರು ತಡೆದರು. “ಟಾಟಾ ಆದ್ಮೇಲೆ ಗುಳ್ಳೆನಾ? ಅಲ್ಲೂನಾ? ನಮ್ಮ ಐಡಿಯಾ ಕದ್ದುಬಿಟ್ರಲ್ಲ” ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಎಂಜಲಾದ ಚೆಂಡುಗಳನ್ನು ತೊಳೆಯುತ್ತ ಕೂತಾಗ ನಗು ನಿಂತುಹೋಯಿತು.

ಅದು ನನ್ನ ಕೈ ಬೆವರಿ ಆದ ತಪ್ಪು, ಅಕ್ಕಾ. ಬೇರೆ ಯಾರೂ ಹಾಗೆ ಮಾಡುವುದಿಲ್ಲ. ನಿನ್ನ ಪತ್ರವನ್ನು ಮತ್ತೆ ಓದಿದೆ. ನಮಸ್ಕಾರದ ಹಾಡು, ಡೋಲು, ಬಣ್ಣದ ಬಟ್ಟೆ, ಎಲ್ಲವೂ ನಾನು ಬರೆದ ಸಾಲಿನಲ್ಲೇ ಇವೆ. ಅದು ನಿಮ್ಮ ಕ್ಲಾಸಲ್ಲ, ನನ್ನದು.

ನೀನು ಹೋಗುತ್ತಿಲ್ಲ, ಅಲ್ಲವಾ?

ಆ ಕ್ಲಾಸಿಗೇ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ. ಭಾವ ಬೇಡ ಅಂದರಾ? ತಂಗಿಯ ದುಡ್ಡು ಅಂತ ಮುಜುಗರವಾ? ಇದೆಲ್ಲ ಹುಚ್ಚಾಟ ಅಂತ ನಿನಗೆ ಮೊದಲಿನಿಂದಲೂ ಅನಿಸಿತ್ತು, ನಾನೇ ತಲೆಗೆ ಹಾಕಿಕೊಳ್ಳಲಿಲ್ಲ. ಬೇಡವಾಗಿದ್ದರೆ ಬೈದು ಬಿಟ್ಟುಬಿಡಬಹುದಿತ್ತು. ನನ್ನನ್ನು ಬೈಯಲು ನಿನಗೆ ಯಾವತ್ತೂ ಕಷ್ಟವಾಗಿಲ್ಲ. ಸುಳ್ಳು ಯಾಕೆ ಬರೆದೆ?

ಈ ಪತ್ರದಲ್ಲಿ ಆಶ್ಚರ್ಯಸೂಚಕಗಳ ಬೇಲಿ ಇಲ್ಲ, ನೋಡು.

ನಿನ್ನ ತಂಗಿ

*

ಆಗಸ್ಟ್ 24

ಬಜಂತ್ರಿ,

ಬರೆದು ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಿನ್ನ ಭಾವ ಬೇಡ ಅನ್ನಲಿಲ್ಲ. ನಾನು ಪ್ರತಿ ಗುರುವಾರ ಕ್ಲಾಸಿಗೆ ಹೋಗುತ್ತೇನೆ ಎಂದೇ ಅವರು ತಿಳಿದಿದ್ದಾರೆ. ಹೋಗುತ್ತೇನೆ ಕೂಡ. ಮೆಟ್ಟಿಲಿನವರೆಗೆ.

ಮೊದಲ ದಿನ ಅಲ್ಲೂ ನಮಸ್ಕಾರದ ಹಾಡು ಇತ್ತು. ಎಲ್ಲರೂ ಸುತ್ತ ಕೂರಬೇಕು. ಪ್ರತಿಯೊಬ್ಬ ತಾಯಿಯೂ ತನ್ನ ಮಗುವಿನ ಹೆಸರನ್ನು ಒಬ್ಬಳೇ ರಾಗವಾಗಿ ಕರೆಯಬೇಕು, ಆಮೇಲೆ ಉಳಿದವರು ಸೇರಿಕೊಳ್ಳುತ್ತಾರೆ. ನನ್ನ ಸರದಿ ಬಂತು. ಬಾಯಿ ತೆರೆದೆ. ಧ್ವನಿ ಬರಲಿಲ್ಲ.

ನಾಚಿಕೆಯಲ್ಲ ಕಣೇ. ನಾಚಿಕೊಳ್ಳುವ ಪೈಕಿ ನಾನಲ್ಲ ಎಂದು ನಿನಗೆ ಗೊತ್ತು. ಬಹಳ ಕಾಲ ತೆರೆಯದ ಬೀಗದ ಹಾಗೆ. ಕೀಲಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಎಲ್ಲರೂ ಕಾದರು. ದೊರೆ ಕತ್ತು ಹೊರಳಿಸಿ ನನ್ನ ಬಾಯನ್ನು ನೋಡಿದ. ಕೊನೆಗೆ ಟೀಚರಿನ ಕೈಯಲ್ಲಿದ್ದ ಮೊಲ ಅವನ ಹೆಸರನ್ನು ಹಾಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳಕ್ಕಾದರೂ ಧ್ವನಿ ಬರುತ್ತಿತ್ತೇನೋ.

ಮನೆಗೆ ಬಂದು ಯೋಚಿಸಿದೆ. ಆ ವಾರವೆಲ್ಲ ನಾನು ಆಡಿದ ಮಾತು ಏನು? ‘ಬಾ.’ ‘ಬೇಡ.’ ‘ಬಿಸಿ.’ ‘ಬಾಗಿಲು ಹಾಕ್ಕೊಳ್ಳಿ.’ ಅಷ್ಟೇ. ತರಕಾರಿಯವನು ಕೂಡ ಬೆಲೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿಬಿಟ್ಟಿದ್ದಾನೆ, ಚೌಕಾಸಿಗೂ ದಾರಿಯಿಲ್ಲ. ಬೇಕೆಂದು ಸುಮ್ಮನಾದವಳಲ್ಲ ನಾನು. ಉತ್ತರ ಕೊಡದ ಮಗುವಿನ ಜೊತೆ ಎಷ್ಟು ಹೊತ್ತು ಮಾತಾಡುತ್ತೀಯ? ಒಂದು ದಿನ ಸ್ವಲ್ಪ ಕಡಿಮೆ ಮಾಡಿದೆ. ಮರುದಿನ ಇನ್ನೂ ಸ್ವಲ್ಪ. ಹಾಡು ಯಾವಾಗ ನಿಂತಿತೋ ನೆನಪೇ ಇಲ್ಲ. “ಮನೇಲಿ ಮಾತಾಡಿ, ಹಾಡಿ, ಮಗು ಕೇಳಿಸ್ಕೊಳ್ಳಲಿ” ಎಂದೂ ಡಾಕ್ಟರು ಹೇಳಿದ್ದರು. ಅವನ ಕಿವಿ ಸರಿಯಿದೆ ಎಂಬುದನ್ನಷ್ಟೇ ನಿನಗೆ ಬರೆದೆ. ಅವನು ಮಾತಾಡದಿರುವುದು ನನ್ನಿಂದಲೇ ಎಂದು ಆವತ್ತು ಆ ಕನ್ನಡಿಯ ಮುಂದೆ ಕೂತಾಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಮುಂದಿನ ಗುರುವಾರ ಅವನಿಗೆ ಒಳ್ಳೆಯ ಅಂಗಿ ಹಾಕಿ ಹೊರಟೆ. ಅರ್ಧ ಮೆಟ್ಟಿಲು ಹತ್ತಿ ಕೂತೆ. ಅಲ್ಲಿಂದ ಮೇಲೆ ಕಾಲು ಏಳಲಿಲ್ಲ. ಈಗ ಪ್ರತಿ ವಾರವೂ ಅಲ್ಲೇ. ಡೋಲು ಕೇಳಿಸುತ್ತದೆ, ಹಾಡು ಕೇಳಿಸುತ್ತದೆ, ಮಕ್ಕಳ ಕೇಕೆ ಕೇಳಿಸುತ್ತದೆ. ಗುಳ್ಳೆ ಕೇಳಿಸುವುದಿಲ್ಲವಲ್ಲ. ಮೊದಲ ದಿನ ಯಾವುದಾದ ಮೇಲೆ ಯಾವುದು ಬಂತೋ ತಲೆಯಲ್ಲಿ ಉಳಿದಿರಲಿಲ್ಲ. ಯಾವಾಗ ಊದುತ್ತಾರೋ ಗೊತ್ತಾಗದೆ ನಿನ್ನ ಪತ್ರ ನೋಡಿಕೊಂಡು ಬರೆದೆ. ಸಿಕ್ಕಿಬಿದ್ದೆ.

ದೊರೆ ಮೆಟ್ಟಿಲ ಮೇಲೆ ಡೋಲಿಗೆ ಸರಿಯಾಗಿ ಕುಣಿಯುತ್ತಾನೆ. ಮೇಲಿನವರು ಇಳಿದು ಬರುವ ಮೊದಲು ನಾವು ಅಂಗಡಿಯೊಳಗೆ ನುಗ್ಗಿ ಚಪ್ಪಲಿ ನೋಡುವವರ ಹಾಗೆ ನಿಲ್ಲುತ್ತೇವೆ. ಅಂಗಡಿಯವರು ಮೊದಮೊದಲು ಸೈಜು ಕೇಳುತ್ತಿದ್ದರು. ಈಗ ಕೇಳುವುದಿಲ್ಲ, ಡಬ್ಬ ಕೊಡುತ್ತಾರೆ.

ನಿನ್ನ ಮೊದಲ ಸಂಬಳವನ್ನು ಮೆಟ್ಟಿಲ ಮೇಲೆ ಕೂತು ಕರಗಿಸುತ್ತಿದ್ದೇನೆ. ಇದನ್ನು ನಿನಗೆ ಹೇಗೆ ಬರೆಯಲಿ? ಕೋಣೆ ಗಪ್‌ಚಿಪ್ ಆಯಿತು ಎಂದು ನೀನು ಬರೆದೆಯಲ್ಲ, ನಿಜವಾಗಿಯೂ ಆಗಿತ್ತು. ಅದನ್ನು ಓದಿದ ಮೇಲೆ ಸುಳ್ಳು ತಾನಾಗಿಯೇ ಕೈಗೆ ಬಂತು.

ಒಂದು ಮಾತ್ರ ಸುಳ್ಳಲ್ಲ. ನಿನ್ನ ಪತ್ರಗಳನ್ನು ದೊರೆಗೆ ಗಟ್ಟಿಯಾಗಿ ಓದುತ್ತೇನೆ. ಆಗ ಧ್ವನಿ ಬರುತ್ತದೆ, ಮಾತು ನಿನ್ನದಲ್ಲವೇ. ಸಿಟ್ಟಿನ ಪತ್ರವನ್ನೂ ಓದಿದೆ. ತುಂಬ ಬೇಗ ಮುಗಿದುಹೋಯಿತು ಅದು.

ಅಕ್ಕ

*

ಆಗಸ್ಟ್ 29

ನನ್ನ ಅಕ್ಕಾ,

ನಿನ್ನ ಪತ್ರವನ್ನು ಕ್ಲಾಸಿನಲ್ಲಿ ಚೆಂಡುಗಳ ಬುಟ್ಟಿಯ ಹಿಂದೆ ಕೂತು ಓದಿದೆ. ಓದುತ್ತ ಓದುತ್ತ ಅತ್ತೇಬಿಟ್ಟೆ. ಒಂದು ಕೂಸು ಅಂಬೆಗಾಲಿಟ್ಟು ಬಂದು, ತನ್ನ ಬಾಯಲ್ಲಿದ್ದ ಬಿಸ್ಕತ್ತನ್ನು ತೆಗೆದು ನನ್ನ ಬಾಯಿಗೆ ತುರುಕಿತು. ತಿಂದೆ. ಬೇರೆ ದಾರಿ ಇರಲಿಲ್ಲ.

ಮೇಡಂ ಏನಾಯಿತು ಅಂತ ಕೇಳಿದರು. “ನನಗೆ ಗೊತ್ತಿರೋ ಒಬ್ರಿಗೆ...” ಅಂತ ಶುರು ಮಾಡಿದೆ. “ನಿಮ್ಮಕ್ಕನಿಗೆ” ಅಂದರು. ಹೇಳಿಬಿಟ್ಟೆ, ಬೈಯಬೇಡ. ಅವರು ಬಣ್ಣದ ಬಟ್ಟೆ ಮಡಚುತ್ತ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಇಲ್ಲಿ ಮಗು ಏನು ಕಲಿಯುತ್ತೆ ಅಂತ ಎಲ್ರೂ ಕೇಳ್ತಾರೆ. ಚೆಂಡು ಉರುಳ್ಸೋದು ಮನೇಲೂ ಬರುತ್ತೆ ಕಣಮ್ಮ. ಅರ್ಧ ಫೀಸು ಅಮ್ಮಂದಿರಿಗೋಸ್ಕರ. ವಾರಕ್ಕೊಂದ್ಸಲ ತಲೆ ಬಾಚ್ಕೊಂಡು ಹೊರಗೆ ಬಂದು, ಇನ್ನೊಬ್ಬಳ ಪಕ್ಕ ಕೂತು, ‘ನಿಮ್ಮದೂ ನಿದ್ದೆ ಮಾಡಲ್ವಾ?’ ಅಂತ ಕೇಳೋಕೆ. ಅದನ್ನ ಬೋರ್ಡ್ ಮೇಲೆ ಬರೆದ್ರೆ ಯಾರ ಗಂಡನೂ ದುಡ್ಡು ಬಿಚ್ಚಲ್ಲ. ಮಗು ಬುದ್ಧಿ ಬೆಳೆಯುತ್ತೆ ಅಂದ್ರೆ ಬಿಚ್ತಾರೆ. ನಾನೂ ಅದನ್ನೇ ಬರೆದಿದ್ದೀನಿ.”

“ಹಾಗಾದ್ರೆ ನನ್ನ ಸಂಬಳ ದಂಡ ಆಗ್ಲಿಲ್ವಾ ಮೇಡಂ?” ಅಂದೆ.

“ಮೆಟ್ಲವರೆಗೂ ಬರ್ತಿದ್ದಾಳಲ್ಲ. ನಾಲ್ಕನೇ ಮಹಡಿಯಿಂದ ಇಳಿಸಿದ್ದು ನಿನ್ನ ದುಡ್ಡೇ” ಅಂದರು.

ದೊರೆ ಮಾತಾಡದೆ ಇರುವುದು ನಿನ್ನಿಂದಲೇ ಅಂತ ನೀನೇ ತೀರ್ಪು ಕೊಟ್ಟುಬಿಟ್ಟಿದ್ದೀಯ. ನಾನು ಒಪ್ಪುವುದಿಲ್ಲ. ಮೇಡಂ ಕೂಡ ಒಪ್ಪಲಿಲ್ಲ. ಮನೆಯಲ್ಲಿ ಇಡೀ ದಿನ ವಟವಟ ಅನ್ನುವವರ ಮಕ್ಕಳೂ ತಡವಾಗಿ ಮಾತಾಡುವುದನ್ನು ಅವರು ನೋಡಿದ್ದಾರೆ. ಇಂಥ ಮಕ್ಕಳನ್ನೇ ನೋಡುವವರು ಇರುತ್ತಾರಂತೆ, ಸುಮ್ಮನೆ ಕಾಯದೆ ತೋರಿಸಿ ಅಂದರು. ತೋರಿಸೋಣ. ನೀನೊಬ್ಬಳೇ ಹೋಗಿ ಒಬ್ಬಳೇ ಕೇಳಿಸಿಕೊಂಡು ಬರುವುದು ಬೇಡ.

ಈಗ ನಾನು ಬರೆಯದೆ ಬಿಟ್ಟದ್ದನ್ನು ಹೇಳಲಾ? ಇಲ್ಲಿ ಎಲ್ಲರೂ ಒಳ್ಳೆಯವರು, ಅದು ನಿಜ. ಆದರೆ ನನ್ನನ್ನು ಯಾರೂ ಬೈಯುವುದಿಲ್ಲ. ಹಾಲು ಉಕ್ಕಿಸಿದರೂ ಬೈಯುವುದಿಲ್ಲ, ನೆಂಟರ ಮನೆಯ ಹುಡುಗಿಯ ಹಾಗೆ ಕೂರಿಸುತ್ತಾರೆ. ಎಷ್ಟು ದಿನ ನೆಂಟಳಾಗಿರಲಿ? ನಿನ್ನ “ಮಂಕೇ” ಬಂದ ದಿನ ಅದನ್ನು ಪರ್ಸಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಆ ಕೋಣೆಯ ಗಲಾಟೆಗೆ ನಾನು ಸೇರಿದ್ದು ಸಂಬಳಕ್ಕೆ ಮಾತ್ರ ಅಲ್ಲ, ಅಕ್ಕಾ. ಅಲ್ಲಿ ಮಕ್ಕಳು ನನ್ನ ಕೂದಲು ಹಿಡಿದು ಎಳೆಯುತ್ತಾರೆ.

ಆದ್ದರಿಂದ ನಾನು ಬರುತ್ತಿದ್ದೇನೆ! ಮೇಡಂ ಎರಡು ವಾರ ರಜೆ ಕೊಟ್ಟರು. ಅತ್ತೆಗೆ ಹೇಳಿದೆ, ಎಲ್ಲವನ್ನೂ ಅಲ್ಲ, ಅಕ್ಕನಿಗೆ ನಾನು ಬೇಕು ಅಂತ ಮಾತ್ರ. ಅವರು ನನ್ನ ಮುಖ ನೋಡಿದರು. “ಇಷ್ಟು ಹೊತ್ತು ಯಾಕೆ ಸುಮ್ನಿದ್ದೆ? ಬ್ಯಾಗ್ ಎಲ್ಲಿ ಇಟ್ಟಿದ್ದೀಯ, ಎತ್ಕೊಂಡು ಬಾ ಹೋಗು, ನಿಂತ್ಕೊಂಡು ಏನು ನೋಡ್ತೀಯ?” ಅಂತ ಗದರಿದರು. ಗದರಿದರು ಅಕ್ಕಾ! ನಮ್ಮವರು ಮಾತ್ರ ಕನ್ನಡಕ ತೆಗೆದು ಒರೆಸಿ ಒರೆಸಿ, “ಎರಡು ವಾರ ನಾನು ಯಾವ ನಂಬರ್ ಹಾಕ್ಕೊಂಡ್ರೂ ಮನೆ ಖಾಲಿ ಕಾಣುತ್ತಲ್ಲ” ಅಂದರು. ಅವರಿಗೆ ದಿನಕ್ಕೊಂದು ಪತ್ರ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ನೀನು ನಗಬಾರದು.

ಗುರುವಾರ ಮೂವರೂ ಮೆಟ್ಟಿಲಿನವರೆಗೆ ಹೋಗೋಣ. ಮೇಲೆ ಹೋಗಬೇಕು ಅನ್ನಿಸಿದರೆ ಹೋಗೋಣ. ಇಲ್ಲದಿದ್ದರೆ ಮೆಟ್ಟಿಲ ಮೇಲೆ ನಾನೇ ಊದುತ್ತೇನೆ, ನನ್ನ ಬಟ್ಟಲು ತರುತ್ತಿದ್ದೇನೆ. ಚಪ್ಪಲಿ ಅಂಗಡಿಯವರು ಬೈದರೆ ಒಂದು ಜೊತೆ ಕೊಂಡುಕೊಳ್ಳೋಣ, ಮದುವೆಯದು ಇನ್ನೂ ಕಚ್ಚುತ್ತದೆ. ಭಾವನಿಗೆ ಯಾವಾಗ ಹೇಳಬೇಕು, ಏನು ಹೇಳಬೇಕು ಅನ್ನುವುದು ನಿನಗೆ ಬಿಟ್ಟದ್ದು. ಆದರೆ ಹೇಳು. ತಣ್ಣನೆಯ ಕಿವಿಯಾದರೂ ಕಿವಿಯೇ.

ಒಂದೇ ಒಂದು ಷರತ್ತು. ದೊರೆಯನ್ನು ಎತ್ತಿಕೊಂಡು ಸ್ಟೇಷನ್ನಿಗೆ ಬರಬೇಕು. ನಾನು ರೈಲಿನ ಬಾಗಿಲಿನಲ್ಲೇ ನಿಂತಿರುತ್ತೇನೆ, ನಿನ್ನನ್ನು ನೋಡಿದರೂ ನೋಡದ ಹಾಗೆ ಇರುತ್ತೇನೆ. ನೀನು ಕೂಗಬೇಕು. ಬಜಂತ್ರಿ ಅನ್ನು, ಕತ್ತೆ ಅನ್ನು, ಮಂಕೇ ಅನ್ನು, ಏನು ಬಾಯಿಗೆ ಬಂದರೆ ಅದು. ರಾಗ ಬೇಡ. ಸಣ್ಣ ಧ್ವನಿಯಾದರೂ ಸಾಕು, ನನಗೆ ಕೇಳಿಸುತ್ತದೆ. ಅಲ್ಲಿಯವರೆಗೂ ಈ ಪತ್ರವನ್ನು ದೊರೆಗೆ ದಿನಾ ಗಟ್ಟಿಯಾಗಿ ಓದು, ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ. ನೀನು ಕೂಗುವ ತನಕ ನಾನು ಇಳಿಯುವುದಿಲ್ಲ, ಮತ್ತು ಆ ಗಾಡಿ ನಿಮ್ಮಲ್ಲಿ ಎರಡೇ ನಿಮಿಷ ನಿಲ್ಲುವುದು.

ಸೆಪ್ಟೆಂಬರ್ 6, ಬುಧವಾರ, ಬೆಳಗಿನ ಪ್ಯಾಸೆಂಜರ್.